ಬರ್ನ್ಲಿಯ ಮೇಷ್ಟರಿಗೆ ಎಷ್ಟು ಅಂಕ?

ಪ್ರೀಮಿಯರ್ ಲೀಗ್ ಪಂದ್ಯ ನಡೆಯುವಾಗ ಗೆರೆಯಾಚೆ ನಿಂತು ಕೂಗುತ್ತ, ಕೈ ಬೀಸುತ್ತ ಇರುವವರನ್ನು ಮಕ್ಕಳು ಟೀವಿಯಲ್ಲಿ ನೋಡಿರುತ್ತೀರಿ. ಅವರೇ ಮ್ಯಾನೇಜರ್. ಹೆಸರು ಕೇಳಿ ಬ್ಯಾಂಕಿನ ಮ್ಯಾನೇಜರ್ ಎಂದುಕೊಳ್ಳಬೇಡಿ ಎಂದು ಅಜ್ಜ-ಅಜ್ಜಿಯರಿಗೆ ಮೊದಲೇ ಹೇಳಿಬಿಡುತ್ತೇನೆ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಹೇಗೆ ಆಡಬೇಕು ಎಂದು ತೀರ್ಮಾನಿಸುವ ಮೇಷ್ಟರು ಇವರು. ಗೆದ್ದರೆ ಆಟಗಾರರಿಗೆ ಹಾರ; ಸೋತರೆ ಇವರ ಕೆಲಸಕ್ಕೆ ಸಂಚಕಾರ.

ಇಂಥ ಮೇಷ್ಟರಿಗೆ ಅಂಕ ಕೊಡುವುದು ಹೇಗೆ? ಕಪ್ ಗೆದ್ದವರಷ್ಟೇ ಜಾಣರೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ನಮ್ಮ ಹಿರಿಯರು. ಹಾಸಿಗೆಯೇ ಚಿಕ್ಕದಿದ್ದಾಗ ಏನು ಮಾಡಿದರು ಎಂದು ನೋಡಬೇಕು ಅಂತ ನಾನು ಹೇಳುತ್ತೇನೆ. ಅದಕ್ಕೆ ಬರ್ನ್ಲಿಯ ಕತೆ ಕೇಳಿ.

ಬರ್ನ್ಲಿ ಇಂಗ್ಲೆಂಡಿನ ವಾಯವ್ಯ ಭಾಗದ ಊರು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿತ್ತು. ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. ಅಲ್ಲಿನ ಕ್ಲಬ್ 1883ರಿಂದ ಒಂದೇ ಮೈದಾನದಲ್ಲಿ ಆಡುತ್ತಿದೆ. ಅದರ ಹೆಸರು ಟರ್ಫ್ ಮೂರ್. 2012ರ ಅಕ್ಟೋಬರಿನಲ್ಲಿ ಶಾನ್ ಡೈಷ್ ಅಲ್ಲಿಗೆ ಮ್ಯಾನೇಜರ್ ಆಗಿ ಬಂದಾಗ ತಂಡ ಎರಡನೇ ದರ್ಜೆಯ ಲೀಗಿನಲ್ಲಿತ್ತು.

ಮುಂದಿನ 2013–14ರ ಋತುವಿನಲ್ಲಿ ಹಣ ಕೊಟ್ಟು ಕೊಂಡ ಆಟಗಾರ ಒಬ್ಬನೇ, ಆಶ್ಲಿ ಬಾರ್ನ್ಸ್. ಆದರೂ ತಂಡ 93 ಅಂಕ ಗಳಿಸಿ, ಎರಡನೇ ಸ್ಥಾನ ಪಡೆದು, ಪ್ರೀಮಿಯರ್ ಲೀಗಿಗೆ ಏರಿತು.

ಅಲ್ಲಿ 20 ತಂಡಗಳು. ಕೊನೆಯ ಮೂರು ತಂಡಗಳು ಕೆಳಗಿನ ಲೀಗಿಗೆ ಇಳಿಯಬೇಕು. ಇಳಿದರೆ ಟೀವಿ ಹಕ್ಕಿನ ದೊಡ್ಡ ಆದಾಯ ಕೈತಪ್ಪುತ್ತದೆ. ಬರ್ನ್ಲಿ ಮೊದಲ ವರ್ಷವೇ ಇಳಿಯಿತು. ಬಹಳ ಕ್ಲಬ್‌ಗಳು ಇಂಥ ಹೊತ್ತಿನಲ್ಲಿ ಮೇಷ್ಟರನ್ನು ಮನೆಗೆ ಕಳಿಸುತ್ತವೆ. ಬರ್ನ್ಲಿ ಕಳಿಸಲಿಲ್ಲ. ಮರುವರ್ಷವೇ ತಂಡ ಎರಡನೇ ದರ್ಜೆಯ ಚಾಂಪಿಯನ್ ಆಗಿ ಮೇಲೆ ಬಂತು.

2017–18ರ ಫಲಿತಾಂಶ ನೋಡಿ. ತಂಡ ಹೊಡೆದದ್ದು 36 ಗೋಲು, ಬಿಟ್ಟುಕೊಟ್ಟದ್ದು 39. ಆದರೂ 54 ಅಂಕ, ಏಳನೇ ಸ್ಥಾನ! 51 ವರ್ಷಗಳ ಬಳಿಕ ಯುರೋಪಿನ ಟೂರ್ನಿಯಲ್ಲಿ ಆಡುವ ಅವಕಾಶ. ಊರಿನ ಒಂದು ಪಬ್ ತನ್ನ ಹೆಸರನ್ನೇ ‘ರಾಯಲ್ ಡೈಷ್’ ಎಂದು ಬದಲಿಸಿಕೊಂಡಿತು.

ಆಟ ನೋಡಲು ಚೆಂದವಿರಲಿಲ್ಲ, ಚೆಂಡನ್ನು ಉದ್ದಕ್ಕೆ ಒದೆಯುವುದೇ ಆಯಿತು ಎಂದು ಟೀಕಿಸಿದವರಿದ್ದಾರೆ. ಅದರಲ್ಲಿ ನಿಜವೂ ಇದೆ. ಆದರೆ ಗೋಲು ಹೊಡೆಯುವವರನ್ನು ಕೊಳ್ಳುವುದು ಬಹಳ ದುಬಾರಿ. ಗೋಲು ತಡೆಯುವುದನ್ನು ಅಭ್ಯಾಸದಿಂದ ಕಲಿಸಬಹುದು. ಇದ್ದ ದುಡ್ಡಿಗೆ ತಕ್ಕ ಅಡುಗೆ ಅದು. ಚಾರ್ಲ್ಟನ್‌ನಿಂದ ತಂದ ಗೋಲ್‌ಕೀಪರ್ ನಿಕ್ ಪೋಪ್ ಎರಡೇ ವರ್ಷದಲ್ಲಿ ಇಂಗ್ಲೆಂಡಿನ ವಿಶ್ವಕಪ್ ತಂಡ ಸೇರಿದರು. ಇದನ್ನೂ ಅಂಕಪಟ್ಟಿಯಲ್ಲಿ ಬರೆಯಬೇಕಲ್ಲವೆ?

ಕೊನೆ ಮಾತ್ರ ಕಹಿ. 2022ರ ಜನವರಿಯಲ್ಲಿ ಮುಖ್ಯ ಗೋಲುಗಾರ ಕ್ರಿಸ್ ವುಡ್ ಅವರನ್ನು ನ್ಯೂಕಾಸಲ್ ಕೊಂಡಿತು. ಒಪ್ಪಂದದಲ್ಲಿ ಬರೆದಿದ್ದ ಮೊತ್ತ ತೆತ್ತಿದ್ದರಿಂದ ಬರ್ನ್ಲಿ ಬೇಡ ಎನ್ನುವಂತಿರಲಿಲ್ಲ. 30 ಪಂದ್ಯಗಳಲ್ಲಿ ತಂಡ ಗೆದ್ದದ್ದು ನಾಲ್ಕೇ. ಏಪ್ರಿಲ್ 15ರಂದು, ಎಂಟು ಪಂದ್ಯ ಬಾಕಿ ಇರುವಾಗ, ಡೈಷ್ ಅವರನ್ನು ತೆಗೆದುಹಾಕಿದರು. ಒಂಬತ್ತೂವರೆ ವರ್ಷದ ಸಂಸಾರ ಮುಗಿಯಿತು.

ತೆಗೆದದ್ದು ಸರಿಯೆ? ಉಳಿದ ಎಂಟು ಪಂದ್ಯಗಳಲ್ಲಿ ಬೇರೆಯವರ ಕೈಕೆಳಗೆ ತಂಡ 11 ಅಂಕ ಗಳಿಸಿತು. ಅಷ್ಟರಮಟ್ಟಿಗೆ ಮಾಲೀಕರ ಲೆಕ್ಕವೂ ಪೂರಾ ತಪ್ಪಲ್ಲ. ಆದರೂ ತಂಡ ಉಳಿಯಲಿಲ್ಲ. 18ನೇ ಸ್ಥಾನಕ್ಕೆ ನಿಂತು ಕೆಳಗಿಳಿಯಿತು. ಕೊನೆಯ ದಿನ ಬರ್ನ್ಲಿಯನ್ನು ಸೋಲಿಸಿದ ತಂಡ ಯಾವುದು ಗೊತ್ತೆ? ಅದೇ ನ್ಯೂಕಾಸಲ್!

ನಾನು ಅಂಕ ಕೊಡುವಾಗ ಮೂರು ಪ್ರಶ್ನೆ ಕೇಳುತ್ತೇನೆ. ಕೈಗೆ ಸಿಕ್ಕಿದ್ದೆಷ್ಟು? ಅದರಲ್ಲಿ ಬೆಳೆಸಿದ್ದೆಷ್ಟು? ಬಿದ್ದಾಗ ಮತ್ತೆ ಎದ್ದರೆ? ಒಂದು ಋತುವನ್ನು ಮಾತ್ರ ನೋಡಿದರೆ ಡೈಷ್ ನಪಾಸು. ಒಂಬತ್ತೂವರೆ ವರ್ಷವನ್ನೂ ಒಟ್ಟಿಗೆ ನೋಡಿದರೆ ನೂರಕ್ಕೆ ಎಂಬತ್ತು ಕೊಡುತ್ತೇನೆ. ಸೊಗಸಿಲ್ಲದ ಆಟಕ್ಕೆ ಹತ್ತು, ಕೊನೆಯ ವರ್ಷಕ್ಕೆ ಹತ್ತು ಕಡಿತ.

ನೀವೆಷ್ಟು ಕೊಡುತ್ತೀರಿ? ಅಜ್ಜನೂ ಮೊಮ್ಮಗಳೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಹೋಲಿಸಿ ನೋಡಿ. ಅಂಕ ಒಂದೇ ಆಗಿರಬೇಕೆಂದೇನಿಲ್ಲ; ಯಾಕೆ ಕೊಟ್ಟಿರಿ ಎಂದು ಮಾತ್ರ ಹೇಳಬೇಕು.