ಮೂರು ಮನೆಗಳು ಎಲ್ಲಿ ಹೋದವು?

ಕಳೆದ ಬೇಸಿಗೆಯ ಒಂದು ಭಾನುವಾರ ನನ್ನ ತಂಗಿಯ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಸಣ್ಣ ರೈತರ ಸಾಲ ಅವಳ ವಿಷಯ. ನಾಲ್ಕು ಹಳ್ಳಿಗಳಲ್ಲಿ ಎರಡು ವರ್ಷ ಅಲೆದು, 240 ಕುಟುಂಬಗಳ ಜಗಲಿಯ ಮೇಲೆ ಕುಳಿತು ಪ್ರಶ್ನಾವಳಿ ತುಂಬಿಸಿಕೊಂಡು ಬಂದಿದ್ದಳು. ಪ್ರಬಂಧ ಸಲ್ಲಿಸಲು ಆರು ವಾರಗಳು ಉಳಿದಿದ್ದವು. ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ.

‘ಮಾವ, ಮೂರನೆಯ ಅಧ್ಯಾಯದಲ್ಲಿ 240 ಕುಟುಂಬ ಅಂತ ಇದೆ. ಐದನೆಯದರಲ್ಲಿ ಸರಾಸರಿ ಸಾಲದ ಕೋಷ್ಟಕ 237ಕ್ಕೇ ನಿಂತಿದೆ. ಆ ಮೂರು ಮನೆಗಳು ಎಲ್ಲಿ ಹೋದವೋ ನನಗೇ ಗೊತ್ತಾಗುತ್ತಿಲ್ಲ’ ಎಂದಳು.

ಕಡತಗಳನ್ನು ತೆರೆಯಲು ಹೇಳಿದೆ. ಒಂದೇ ದತ್ತಾಂಶದ ಹನ್ನೊಂದು ಪ್ರತಿಗಳಿದ್ದವು. ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ಕರೆಕ್ಟೆಡ್’, ‘ಗೈಡ್ ನೋಡಿದ ಫೈನಲ್’ ಎಂದು ಹೆಸರುಗಳು. ಯಾವುದರಿಂದ ಯಾವುದು ಹುಟ್ಟಿತು, ನಡುವೆ ಏನು ತಿದ್ದಲಾಯಿತು ಎಂಬುದಕ್ಕೆ ಒಂದು ಸಾಲಿನ ಟಿಪ್ಪಣಿಯೂ ಇರಲಿಲ್ಲ. ವಿಶ್ಲೇಷಣೆಯ ಒಂದು ಭಾಗವನ್ನು ಅವಳೇ ಮಾಡಿದ್ದಳು. ಇನ್ನೊಂದು ಭಾಗವನ್ನು ಕ್ಯಾಂಪಸ್ಸಿನ ಹೊರಗಿನ ಅಂಗಡಿಯೊಂದರಲ್ಲಿ ಹಣ ಕೊಟ್ಟು ಮಾಡಿಸಿದ್ದಳು. ‘ಎಲ್ಲರೂ ಹಾಗೇ ಮಾಡಿಸುತ್ತಾರೆ ಮಾವ’ ಎಂಬುದು ಸಮಜಾಯಿಷಿ. ಗದರಿಸಬೇಕೆನಿಸಿತು. ಆದರೆ ಗದರಿಸುವ ಅರ್ಹತೆ ನನಗಿರಲಿಲ್ಲ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಬರಗಾಲದ ವರ್ಷ. ಜಿಲ್ಲೆಯೊಂದರಲ್ಲಿ ಮೇವಿನ ಕೊರತೆಯ ಅಂದಾಜುಪಟ್ಟಿ ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಕಚೇರಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಎಕ್ಸೆಲ್ ಕೋಷ್ಟಕವೆಂದರೆ ಎಲ್ಲರಿಗೂ ಬೆರಗು. ಹೋಬಳಿವಾರು ಅಂಕಿಗಳನ್ನು ತುಂಬಿ, ಮೊತ್ತದ ಸೂತ್ರ ಹಾಕಿ ಮುಗಿಸಿದ ಮೇಲೆ ಎರಡು ಹೋಬಳಿಗಳ ಅಂಕಿಗಳು ತಡವಾಗಿ ಬಂದವು. ಅವನ್ನು ಪಟ್ಟಿಯ ಕೆಳಗೆ ಸೇರಿಸಿದರು. ಸೂತ್ರ ಮಾತ್ರ ಹಳೆಯ ಸಾಲಿಗೇ ನಿಂತಿತ್ತು. ಪಟ್ಟಿಯಲ್ಲಿ ಹೋಬಳಿಗಳ ಹೆಸರಿತ್ತು, ಮೊತ್ತದಲ್ಲಿ ಅವುಗಳ ದನಗಳಿರಲಿಲ್ಲ. ನಾನು ಸಹಿ ಮಾಡಿದೆ. ತಪ್ಪು ಹಿಡಿದವರು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಗ್ರಾಮ ಲೆಕ್ಕಿಗರು. ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಕೂಡಿಸಿ ನೋಡಿ, ‘ಸಾಹೇಬರೆ, ಇದು ಕೂಡುತ್ತಿಲ್ಲ’ ಎಂದು ಬಂದು ನಿಂತರು. ಪಟ್ಟಿ ತಿದ್ದಿ, ಮಂಜೂರಾತಿ ಬಂದು, ಆ ಹೋಬಳಿಗಳಿಗೆ ಮೇವು ತಲಪುವ ವೇಳೆಗೆ ಹನ್ನೊಂದು ದಿನ ಕಳೆದಿತ್ತು. ಬರಗಾಲದಲ್ಲಿ ಹನ್ನೊಂದು ದಿನವೆಂದರೇನು ಎಂಬುದನ್ನು ದನ ಕಟ್ಟಿದವರಿಗೆ ವಿವರಿಸಬೇಕಿಲ್ಲ.

ಇಂಥ ತಪ್ಪು ನನ್ನಂಥ ಅರೆಕಲಿತ ಅಧಿಕಾರಿಗೆ ಮಾತ್ರ ಮೀಸಲಲ್ಲ. ಅಮೆರಿಕದ ಹೆಸರಾಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸರ್ಕಾರದ ಸಾಲ ರಾಷ್ಟ್ರೀಯ ಉತ್ಪನ್ನದ ಶೇ 90ನ್ನು ಮೀರಿದ ದೇಶಗಳಲ್ಲಿ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಕೆಳಕ್ಕೆ, ಶೇ -0.1ಕ್ಕೆ ಇಳಿಯುತ್ತದೆ ಎಂಬುದು ಅದರ ಒಂದು ತೀರ್ಮಾನ. ಆರ್ಥಿಕ ಕುಸಿತದಲ್ಲಿದ್ದ ಯುರೋಪ್ ಮತ್ತು ಅಮೆರಿಕಗಳಲ್ಲಿ ಸರ್ಕಾರಿ ವೆಚ್ಚ ಕಡಿತವನ್ನು ಸಮರ್ಥಿಸುವವರಿಗೆ ಈ ಅಂಕಿ ಕೈಗೆ ಸಿಕ್ಕ ಕೋಲಾಯಿತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕೇಂದ್ರದಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ತರಗತಿಯಲ್ಲಿ ಒಂದು ಅಭ್ಯಾಸ ಕೊಟ್ಟಿದ್ದರು: ಪ್ರಕಟವಾದ ಯಾವುದಾದರೂ ಲೇಖನದ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿ ನೋಡಿ. ಆತ ಈ ಲೇಖನವನ್ನು ಆರಿಸಿಕೊಂಡ. ಎಷ್ಟು ಬಾರಿ ಮಾಡಿದರೂ ಲೆಕ್ಕ ತಾಳೆಯಾಗಲಿಲ್ಲ. ಲೇಖಕರನ್ನು ಕೇಳಿದ, ಅವರು ತಮ್ಮ ಎಕ್ಸೆಲ್ ಕಡತವನ್ನೇ ಕಳುಹಿಸಿಕೊಟ್ಟರು. ತೆರೆದು ನೋಡಿದರೆ, ಸರಾಸರಿಯ ಸೂತ್ರ ಇಪ್ಪತ್ತು ದೇಶಗಳ ಬದಲು ಹದಿನೈದಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಹೊರಗುಳಿದಿದ್ದವು.

ತಪ್ಪು ಅದೊಂದೇ ಆಗಿರಲಿಲ್ಲ. ಕೆಲವು ವರ್ಷಗಳ ಅಂಕಿಗಳನ್ನು ಬಿಟ್ಟಿದ್ದು, ದೇಶಗಳಿಗೆ ತೂಕ ಕೊಟ್ಟ ಬಗೆ ಇವೇ ಹೆಚ್ಚಿನ ವ್ಯತ್ಯಾಸಕ್ಕೆ ಕಾರಣವೆಂದು ಹರ್ನ್‌ಡನ್ ಮತ್ತು ಅವನ ಅಧ್ಯಾಪಕರು 2013ರಲ್ಲಿ ತೋರಿಸಿದರು. ಅವರ ಲೆಕ್ಕದಲ್ಲಿ ಅದೇ ಬೆಳವಣಿಗೆ ಶೇ 2.2. ಸೂತ್ರದ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು; ತಮ್ಮ ಒಟ್ಟಾರೆ ನಿಲುವನ್ನು ಬಿಟ್ಟುಕೊಡಲಿಲ್ಲ. ಆ ವಾದ ಏನೇ ಇರಲಿ, ನನ್ನ ಗಮನ ಸೆಳೆಯುವುದು ಎರಡು ಸಂಗತಿಗಳು. ಲೆಕ್ಕದ ಕಡತ ಉಳಿದಿತ್ತು, ಕೇಳಿದವರಿಗೆ ಸಿಕ್ಕಿತು. ಮತ್ತು ಬೇರೆಯವರ ಲೆಕ್ಕವನ್ನು ಮತ್ತೆ ಮಾಡುವುದನ್ನು ಅಲ್ಲಿ ತರಗತಿಯಲ್ಲಿ ಕಲಿಸುತ್ತಿದ್ದರು.

ನಮ್ಮಲ್ಲಿ ಏನನ್ನು ಕಲಿಸುತ್ತೇವೆ? ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಕಡ್ಡಾಯ. ಸಂಶೋಧನಾ ವಿಧಾನ ಅದರಲ್ಲಿ ಸೇರಿದೆ. 2019ರಲ್ಲಿ ಪ್ರಕಟಿಸಿದ ಸಂಶೋಧನಾ ನೀತಿಯ ಎರಡು ಕ್ರೆಡಿಟ್‌ಗಳ ಪತ್ರಿಕೆಯೂ ಸೇರಿದೆ. ಕೃತಿಚೌರ್ಯಕ್ಕೆ ಶೇಕಡಾವಾರು ಮಿತಿ ಹಾಕಿ, ದಂಡನೆ ಗೊತ್ತುಪಡಿಸಿದ ನಿಯಮ 2018ರಿಂದಲೇ ಇದೆ. ಪ್ರಾಮಾಣಿಕರಾಗಿರಿ ಎಂದು ಹೇಳುವುದು ಸರಿಯೇ. ಆದರೆ ಪ್ರಾಮಾಣಿಕತೆಗೆ ಕೈಕೆಲಸವೂ ಬೇಕು. ನನ್ನ ಸೋದರ ಸೊಸೆ ಅಪ್ರಾಮಾಣಿಕಳಲ್ಲ, ಬಿಸಿಲಿನಲ್ಲಿ ನಡೆದವಳು. ಆದರೂ ಅವಳ ಕೋಷ್ಟಕ ಸುಳ್ಳು ಹೇಳುತ್ತಿತ್ತು. ಯಾದೃಚ್ಛಿಕ ಮಾದರಿಯ ಲಕ್ಷಣಗಳೇನೆಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆಯಬಲ್ಲ ವಿದ್ಯಾರ್ಥಿಗೆ ತನ್ನದೇ 240 ಹಾಳೆಗಳನ್ನು ಹೇಗೆ ಜೋಪಾನ ಮಾಡಬೇಕೆಂದು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ.

ಹಾಗೆ ಹೇಳಿಕೊಡಬೇಕಾದದ್ದು ಬಹಳವಿಲ್ಲ. ಮೊದಲನೆಯದು, ಮೂಲ ದತ್ತಾಂಶವನ್ನು ಮುಟ್ಟಬಾರದು. ತಿದ್ದುವುದೆಲ್ಲ ಪ್ರತಿಯ ಮೇಲೆ. ಎಕ್ಸೆಲ್ ನಮ್ಮ ಅಪ್ಪಣೆಯಿಲ್ಲದೆಯೂ ತಿದ್ದುತ್ತದೆ. 12/3 ಎಂಬ ಸರ್ವೆ ನಂಬರನ್ನು ಬೆರಳಚ್ಚಿಸಿದರೆ ಅದು ದಿನಾಂಕವಾಗಿ ಬದಲಾಗುವುದನ್ನು ಕಂದಾಯ ಇಲಾಖೆಯವರು ಬಲ್ಲರು. ಇದೇ ಕಾಟಕ್ಕೆ ಜೀವವಿಜ್ಞಾನಿಗಳು ಬೇಸತ್ತು, ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ‘ಮಾರ್ಚ್’, ‘ಸೆಪ್ಟ್’ ಎಂದು ಆರಂಭವಾಗುವ ಮಾನವ ವಂಶವಾಹಿಗಳ ಹೆಸರುಗಳನ್ನೇ ಬದಲಿಸಿದ್ದನ್ನು 2020ರಲ್ಲಿ ಪ್ರಕಟಿಸಿತು.

ಎರಡನೆಯದು, ಮಾಡಿದ ಪ್ರತಿಯೊಂದು ಬದಲಾವಣೆಗೂ ಲಿಖಿತ ದಾಖಲೆ ಇರಬೇಕು. ಸರ್ಕಾರಿ ಕಡತವನ್ನು ಎಷ್ಟೇ ಹೀಗಳೆದರೂ ಅದರ ಟಿಪ್ಪಣಿ ಹಾಳೆ ಒಂದು ದೊಡ್ಡ ಉಪಾಯ. ಯಾರು, ಯಾವತ್ತು, ಏಕೆ ತೀರ್ಮಾನಿಸಿದರು ಎಂಬುದು ಪುಟಸಂಖ್ಯೆಯ ಸಮೇತ ಅಲ್ಲಿರುತ್ತದೆ, ಹರಿದು ಬಿಸಾಡುವಂತಿಲ್ಲ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬ ತಂತ್ರಾಂಶ ಕಂಪ್ಯೂಟರಿನ ಕಡತಗಳಿಗೆ ಈ ಕೆಲಸವನ್ನೇ ಮಾಡುತ್ತದೆ. ಅದು ಕಷ್ಟವೆನಿಸಿದರೆ ದಿನಾಂಕ ಹಾಕಿದ ಒಂದು ನೋಟ್ ಪುಸ್ತಕ ಸಾಕು. ಅದೇ ರೀತಿ, ಮೌಸ್ ಒತ್ತಿ ಮಾಡಿದ ಲೆಕ್ಕದ ಜಾಡು ಉಳಿಯುವುದಿಲ್ಲ. ಆಜ್ಞೆಗಳನ್ನು ಬರೆದು ಮಾಡಿದ್ದು ಉಳಿಯುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ರೂಪಿಸಿದ ‘ಆರ್’ ಭಾಷೆ ಸಂಖ್ಯಾಶಾಸ್ತ್ರಕ್ಕೆಂದೇ ಇದೆ, ಉಚಿತವಾಗಿದೆ. ಓದಿದ ಪುಸ್ತಕ, ಲೇಖನಗಳ ವಿವರವನ್ನು ಒಮ್ಮೆ ಸಂಗ್ರಹಿಸಿಟ್ಟರೆ ಉಲ್ಲೇಖಪಟ್ಟಿಯನ್ನು ತಾನೇ ಜೋಡಿಸುವ ಝೋಟೆರೊ 2006ರಿಂದ ಇದೆ; ಅದಕ್ಕೂ ಶುಲ್ಕವಿಲ್ಲ.

ಮೂರನೆಯದು, ಪ್ರತಿಗಳು. ನಮ್ಮ ಎಂ.ಎನ್. ಶ್ರೀನಿವಾಸರ ಪ್ರಸಂಗ ಇದಕ್ಕೆ ನಿದರ್ಶನ. ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಅವರು ವರ್ಷಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿದ್ದರು. ಮೂರು ಪ್ರತಿಗಳಿದ್ದವು. ಆದರೆ ಮೂರೂ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದಲ್ಲಿ ಅವರ ಕೋಣೆಯಲ್ಲೇ ಇದ್ದವು. 1970ರ ಏಪ್ರಿಲ್‌ನಲ್ಲಿ ಕಿಡಿಗೇಡಿಗಳು ಆ ಕಟ್ಟಡಕ್ಕೆ ಬೆಂಕಿ ಹಚ್ಚಿದಾಗ ಮೂರೂ ಒಟ್ಟಿಗೆ ಸುಟ್ಟವು. ಅವರು ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು, ಶ್ರೇಷ್ಠ ಕೃತಿಯೆನಿಸಿತು. ಅದು ಶ್ರೀನಿವಾಸರ ಪ್ರತಿಭೆ. ನಮ್ಮ ನಿಮ್ಮಂಥವರು ಮೂರು ಪ್ರತಿ ಮಾಡಿ, ಅವುಗಳಲ್ಲಿ ಒಂದನ್ನು ಬೇರೆ ಊರಿನಲ್ಲೋ ಅಂತರ್ಜಾಲದ ಉಗ್ರಾಣದಲ್ಲೋ ಇಡುವುದು ಲೇಸು.

ನಾಲ್ಕನೆಯದು ಕನ್ನಡದಲ್ಲಿ ಬರೆಯುವವರಿಗೆ. ಕನ್ನಡ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಸ್ಥಾನ ಪಡೆದಿದೆ. ಆದರೂ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಿಸುವ ರೂಢಿ ಇನ್ನೂ ಹೋಗಿಲ್ಲ. ಅಂಥ ಪ್ರಬಂಧವನ್ನು ‘ಶೋಧಗಂಗಾ’ ಭಂಡಾರಕ್ಕೆ ಏರಿಸಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದವರಿಗೆ ಸಿಗುವುದಿಲ್ಲ. ಐದು ವರ್ಷ ದುಡಿದು ಬರೆದದ್ದು ಇದ್ದೂ ಇಲ್ಲದಂತಾಗುತ್ತದೆ.

ಈಗ ಇನ್ನೊಂದು ಆಮಿಷವೂ ಬಂದಿದೆ. ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಕ್ಷಣದಲ್ಲಿ ಉಲ್ಲೇಖಪಟ್ಟಿ ದೊರೆಯುತ್ತದೆ, ಇಲ್ಲದ ಲೇಖನಗಳನ್ನೂ ಸೇರಿಸಿಕೊಂಡು. ಚಾಟ್‌ಜಿಪಿಟಿ ಹೆಣೆದುಕೊಟ್ಟ ಸುಳ್ಳು ತೀರ್ಪುಗಳನ್ನು ಉಲ್ಲೇಖಿಸಿದ ನ್ಯೂಯಾರ್ಕಿನ ವಕೀಲರಿಗೆ 2023ರಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು. ಆ ಉಪಕರಣವನ್ನು ಬಳಸಲೇಬಾರದೆಂದು ನಾನು ಹೇಳಲಾರೆ. ಬಳಸುವವರು ಅದು ಕೊಟ್ಟದ್ದನ್ನು ಪರಿಶೀಲಿಸುವ ಶ್ರಮದಿಂದ ತಪ್ಪಿಸಿಕೊಳ್ಳುವಂತಿಲ್ಲ.

ಸರ್ಕಾರ ಹಣ ಖರ್ಚು ಮಾಡುತ್ತಿಲ್ಲವೆಂದಲ್ಲ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ತೆರೆದಿಡುವ ಈ ಕ್ರಮ ಸ್ವಾಗತಾರ್ಹವೇ ಸರಿ. ಆದರೆ ಓದಲು ಬಾಗಿಲು ತೆರೆದರೆ ಸಾಲದು. ಓದಿದ್ದನ್ನು ಜೋಡಿಸಿ, ತಾನು ಕಂಡದ್ದನ್ನು ಲೆಕ್ಕ ತಪ್ಪದಂತೆ ದಾಖಲಿಸಲು ಕೈ ಪಳಗಬೇಕು. ಕೋರ್ಸ್‌ವರ್ಕ್‌ನಲ್ಲಿ ಎರಡು ಕ್ರೆಡಿಟ್‌ಗಳನ್ನು ಇದಕ್ಕೆ ಮೀಸಲಿಡಬಹುದು. ಬರೆಯುವ ಪರೀಕ್ಷೆ ಬೇಡ. ಪ್ರಕಟವಾದ ಒಂದು ಕೋಷ್ಟಕವನ್ನು ಮೂಲ ದತ್ತಾಂಶದಿಂದ ಮತ್ತೆ ಕಟ್ಟಿ ತೋರಿಸುವುದೇ ಪರೀಕ್ಷೆಯಾಗಲಿ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಪ್ರಬಂಧದ ಜೊತೆಗೆ ಲೆಕ್ಕದ ಕಡತವನ್ನೂ ಕೇಳಲಿ. ಕೇಳುತ್ತಾರೆಂಬುದು ಖಚಿತವಾದರೆ ಅಂಗಡಿಯಲ್ಲಿ ಮಾಡಿಸಿದ ಲೆಕ್ಕವನ್ನು ಯಾರೂ ಧೈರ್ಯವಾಗಿ ತರಲಾರರು.

ಮಾರ್ಗದರ್ಶಕರಿಗೇ ಇದು ಬರುವುದಿಲ್ಲವಲ್ಲ ಎಂಬ ಆಕ್ಷೇಪವುಂಟು. ನಿಜ. ಹಲವರ ವಿದ್ಯಾರ್ಥಿದೆಸೆಯಲ್ಲಿ ಈ ಉಪಕರಣಗಳೇ ಇರಲಿಲ್ಲ. ಅದರಲ್ಲಿ ನಾಚಿಕೆಯೇನೂ ಇಲ್ಲ. ಗುರುಶಿಷ್ಯರು ಒಂದೇ ಬೆಂಚಿನಲ್ಲಿ ಕುಳಿತು ಕಲಿಯಬಹುದು. ಗ್ರಂಥಪಾಲಕರೂ ಸಂಖ್ಯಾಶಾಸ್ತ್ರ ವಿಭಾಗದವರೂ ಅದೇ ಕ್ಯಾಂಪಸ್ಸಿನಲ್ಲಿದ್ದಾರೆ.

ನಮ್ಮ ಹುಡುಗಿಯ ಕಥೆಗೆ ಮರಳುತ್ತೇನೆ. ಹನ್ನೊಂದು ಕಡತಗಳನ್ನು ಪಕ್ಕಕ್ಕಿಟ್ಟು, ಅಟ್ಟದ ಮೇಲಿದ್ದ ಪ್ರಶ್ನಾವಳಿಗಳ ಗಂಟನ್ನೇ ಬಿಚ್ಚಿಸಿದೆ. ಎರಡು ದಿನ ಇಬ್ಬರೂ ಹಾಳೆಗೆ ಹಾಳೆ ಹೋಲಿಸಿದೆವು. ಮೊದಲ ಮೂರು ಹಳ್ಳಿಗಳಲ್ಲಿ ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲ ಇಲ್ಲದವರಿಗೆ ಅವಳು ಸೊನ್ನೆ ನಮೂದಿಸಿದ್ದಳು. ಕೊನೆಯ ಹಳ್ಳಿಯ ಹೊತ್ತಿಗೆ ದಣಿದಿದ್ದಳೋ ಏನೋ, ಅಂಥವರ ಕಾಲಂ ಅನ್ನು ಖಾಲಿ ಬಿಟ್ಟಿದ್ದಳು. ಖಾಲಿ ಬಿಟ್ಟ ಸಾಲುಗಳನ್ನು ಮಾಹಿತಿ ಇಲ್ಲದವೆಂದು ಬಗೆದು ಅಂಗಡಿಯವನು ತೆಗೆದುಹಾಕಿದ್ದ. ಸೊನ್ನೆ ಬೇರೆ, ಖಾಲಿ ಬೇರೆ ಎಂಬುದು ಅವನಿಗೂ ಹೊಳೆಯಲಿಲ್ಲ, ಇವಳಿಗೂ ಹೊಳೆಯಲಿಲ್ಲ.

ಆ ಮೂರು ಕುಟುಂಬಗಳಿಗೆ ಯಾವ ಬ್ಯಾಂಕೂ ಸಾಲ ಕೊಟ್ಟಿರಲಿಲ್ಲ. ಮೂವರೂ ಕೈಸಾಲದ ಮೇಲೆ, ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯ ಮೇಲೆ ಬದುಕುತ್ತಿದ್ದವರು. ಸಣ್ಣ ರೈತರ ಸಾಲವನ್ನು ಕುರಿತ ಪ್ರಬಂಧದಿಂದ ಹೊರಬಿದ್ದವರು ಅವರೇ. ಈಗ ಎರಡೂ ಅಧ್ಯಾಯಗಳಲ್ಲಿ 240 ಎಂದಿದೆ. ಸಲ್ಲಿಕೆ ಒಂದು ತಿಂಗಳು ತಡವಾಯಿತು. ದಂಡಶುಲ್ಕವನ್ನು ನಾನೇ ಕಟ್ಟಿದೆ.