ಪ್ರತಿಷ್ಠಿತ ಶಾಲೆ ಸೇರಿದರೆ ಕಾಲೇಜು ಸೀಟು ಖಚಿತವೇ?

ಹೆಸರಾಂತ ಶಾಲೆಗೆ ಮಕ್ಕಳನ್ನು ಸೇರಿಸಿಬಿಟ್ಟರೆ ಉತ್ತಮ ಕಾಲೇಜಿನ ಬಾಗಿಲು ತಾನಾಗಿಯೇ ತೆರೆಯುತ್ತದೆ ಎಂಬುದು ಬಹುತೇಕ ಪೋಷಕರ ನಂಬಿಕೆ. ಈ ನಂಬಿಕೆಗಾಗಿ ಸಾಲ ಮಾಡುವವರಿದ್ದಾರೆ, ಊರು ಬಿಡುವವರಿದ್ದಾರೆ. ಹದಿನೈದರ ಹರೆಯದ ಮಕ್ಕಳನ್ನು ದೂರದ ಹಾಸ್ಟೆಲ್‌ಗಳಲ್ಲಿ ಬಿಟ್ಟು ಬರುವವರೂ ಇದ್ದಾರೆ. ಆದರೆ ಅಂತಹ ಶಾಲೆಗಳ ಉತ್ತಮ ಫಲಿತಾಂಶಕ್ಕೆ ಶಾಲೆಯೇ ಕಾರಣವೋ ಅಥವಾ ಅಲ್ಲಿಗೆ ಆಯ್ಕೆಯಾಗಿ ಬಂದ ಮಕ್ಕಳ ಸಾಮರ್ಥ್ಯವೇ ಕಾರಣವೋ? ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಕೂಲಂಕಷವಾಗಿ ಪರಿಶೀಲಿಸಿದ್ದಾರೆ. ಅವರಿಗೆ ದೊರೆತ ಉತ್ತರ ಪೋಷಕರೆಲ್ಲರೂ ತಿಳಿದಿರಬೇಕಾದಂಥದ್ದು.

ಪರೀಕ್ಷೆ ಬರೆದು ಪ್ರವೇಶ

ನ್ಯೂಯಾರ್ಕ್ ನಗರದಲ್ಲಿ ಪ್ರವೇಶ ಪರೀಕ್ಷೆಯ ಅಂಕಗಳ ಆಧಾರದ ಮೇಲೆಯೇ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ಎಂಟು ಸರ್ಕಾರಿ ಪ್ರೌಢಶಾಲೆಗಳಿವೆ. 1904ರಲ್ಲಿ ಆರಂಭವಾದ ಸ್ಟೈವೆಸೆಂಟ್ ಶಾಲೆ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಇತ್ತೀಚಿನ ವರ್ಷಗಳಲ್ಲಿ ಸುಮಾರು 25 ಸಾವಿರ ಮಕ್ಕಳು ಈ ಪರೀಕ್ಷೆ ಬರೆಯುತ್ತಿದ್ದು, ಸೀಟು ದೊರೆಯುವುದು ಸುಮಾರು 4 ಸಾವಿರ ಮಂದಿಗೆ ಮಾತ್ರ. ಬಾಸ್ಟನ್ ನಗರದಲ್ಲಿಯೂ ಇಂತಹ ಮೂರು ಶಾಲೆಗಳಿವೆ. ಅವುಗಳಲ್ಲೊಂದಾದ ಬಾಸ್ಟನ್ ಲ್ಯಾಟಿನ್ ಶಾಲೆ 1635ರಷ್ಟು ಹಳೆಯದು.

ಈ ಶಾಲೆಗಳಿಂದ ಹೊರಬಂದವರು ಹಾರ್ವರ್ಡ್, ಎಂಐಟಿಯಂತಹ ವಿದ್ಯಾಸಂಸ್ಥೆಗಳಿಗೆ ಹೋಗುವುದು ನಿಜ. ಆದರೆ ಇಷ್ಟರಿಂದಲೇ ಶಾಲೆಯ ಪ್ರಭಾವವನ್ನು ಅಳೆಯಲಾಗದು. ನಗರದ ಅತಿ ಚುರುಕಿನ ಮಕ್ಕಳನ್ನೇ ಒಂದು ಕಟ್ಟಡದಲ್ಲಿ ಕೂರಿಸಿದರೆ, ಪಾಠ ಸಾಧಾರಣವಾಗಿದ್ದರೂ ಫಲಿತಾಂಶ ಅಸಾಧಾರಣವಾಗಿಯೇ ಇರುತ್ತದೆ.

ಒಂದೆರಡು ಅಂಕಗಳ ಅಂತರ

ಶಾಲೆಯ ಪಾಲೆಷ್ಟು, ಮಕ್ಕಳ ಪಾಲೆಷ್ಟು ಎಂದು ಬೇರ್ಪಡಿಸಲು ಸಂಶೋಧಕರು ಸರಳವಾದ ಉಪಾಯವೊಂದನ್ನು ಬಳಸಿದರು. ಶಾಲೆಯೊಂದರ ಪ್ರವೇಶಕ್ಕೆ ಕನಿಷ್ಠ 560 ಅಂಕ ಬೇಕೆಂದು ಇಟ್ಟುಕೊಳ್ಳೋಣ. 561 ಅಂಕ ಪಡೆದ ವಿದ್ಯಾರ್ಥಿ ಒಳಗೆ ಹೋಗುತ್ತಾನೆ, 559 ಅಂಕ ಪಡೆದವನು ಹೊರಗೆ ಉಳಿಯುತ್ತಾನೆ. ಇವರಿಬ್ಬರ ಬುದ್ಧಿಮತ್ತೆಯಲ್ಲಾಗಲಿ ಪರಿಶ್ರಮದಲ್ಲಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಬೇರೆಯಾದದ್ದು ಶಾಲೆ ಮಾತ್ರ. ಹೀಗೆ ಗೆರೆಯ ಆಚೀಚೆ ನಿಂತ ನೂರಾರು ಮಕ್ಕಳು ಮುಂದೆ ಎಲ್ಲಿಗೆ ತಲುಪಿದರೆಂದು ಹೋಲಿಸಿ ನೋಡಿದರೆ ಶಾಲೆಯ ನಿಜವಾದ ಕೊಡುಗೆ ತಿಳಿಯುತ್ತದೆ.

ಅಬ್ದುಲ್ಕಾದಿರೋಗ್ಲು, ಜೋಶುವಾ ಆಂಗ್ರಿಸ್ಟ್ ಮತ್ತು ಪರಾಗ್ ಪಾಠಕ್ ಅವರು ಬಾಸ್ಟನ್ ಹಾಗೂ ನ್ಯೂಯಾರ್ಕ್ ಶಾಲೆಗಳ ಕುರಿತು ಇಂತಹ ಹೋಲಿಕೆ ನಡೆಸಿ 2014ರಲ್ಲಿ ಪ್ರಕಟಿಸಿದರು. ಇವರಲ್ಲಿ ಆಂಗ್ರಿಸ್ಟ್ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು. ಗೆರೆ ದಾಟಿ ಒಳಗೆ ಹೋದವರಿಗೆ ಹೆಚ್ಚು ಬುದ್ಧಿವಂತ ಸಹಪಾಠಿಗಳು ದೊರೆತರೂ, ಅವರ ಪರೀಕ್ಷಾ ಅಂಕಗಳಲ್ಲಿ ಅಥವಾ ಸೇರಿದ ಕಾಲೇಜಿನ ಗುಣಮಟ್ಟದಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ನ್ಯೂಯಾರ್ಕಿನ ಮೂರು ಪ್ರಮುಖ ಶಾಲೆಗಳನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಿದ ವಿಲ್ ಡಾಬಿ ಮತ್ತು ರೋಲಂಡ್ ಫ್ರೈಯರ್ ಅವರೂ ಅದೇ ವರ್ಷ ಇದೇ ತೀರ್ಮಾನಕ್ಕೆ ಬಂದರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಹೋಲಿಕೆ ಗೆರೆಯ ಹತ್ತಿರವಿದ್ದ ಮಕ್ಕಳಿಗೆ ಸಂಬಂಧಿಸಿದ್ದೇ ಹೊರತು ಪಟ್ಟಿಯ ತುದಿಯಲ್ಲಿದ್ದವರಿಗಲ್ಲ. ಅಲ್ಲದೆ ಎಲ್ಲ ದೇಶಗಳಲ್ಲಿಯೂ ಫಲಿತಾಂಶ ಒಂದೇ ತೆರನಾಗಿಲ್ಲ. ರೊಮೇನಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು, ಹೆಚ್ಚು ಅಂಕ ಬೇಡುವ ಶಾಲೆಗೆ ಸೇರಿದವರ ಅಂತಿಮ ಪರೀಕ್ಷೆಯ ಅಂಕಗಳು ತುಸು ಉತ್ತಮಗೊಂಡದ್ದನ್ನು ತೋರಿಸಿತು.

ತರಗತಿಯೊಳಗಿನ ಸ್ಥಾನ

ಪ್ರತಿಷ್ಠಿತ ಶಾಲೆ ಕೆಲವೊಮ್ಮೆ ತೊಡಕೂ ಆಗಬಹುದು. ಅಮೆರಿಕದ ಅನೇಕ ಕಾಲೇಜುಗಳು ಪರೀಕ್ಷಾ ಅಂಕಗಳ ಜೊತೆಗೆ ವಿದ್ಯಾರ್ಥಿಯು ತನ್ನ ಶಾಲೆಯಲ್ಲಿ ಎಷ್ಟನೆಯ ಸ್ಥಾನದಲ್ಲಿದ್ದಾನೆ ಎಂಬುದನ್ನೂ ಗಮನಿಸುತ್ತವೆ. ಸಾಧಾರಣ ಶಾಲೆಯಲ್ಲಿ ಮೊದಲಿಗನಾಗಬಹುದಾದವನು ಘಟಾನುಘಟಿಗಳ ನಡುವೆ ನೂರನೆಯವನಾಗುತ್ತಾನೆ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯನ್ನು ತಿರುಗಿಸಿ ಓದಿದರೆ ಸಿಗುವ ಅರ್ಥ ಇದೇ: ಗೌಡರೇ ತುಂಬಿದ ಊರಿನಲ್ಲಿ ಗೌಡಿಕೆ ಯಾರಿಗೂ ಸುಲಭವಲ್ಲ.

ಷಿಕಾಗೋ ನಗರದ ಆಯ್ದ ಪ್ರೌಢಶಾಲೆಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನವು ಇದನ್ನೇ ಎತ್ತಿ ಹಿಡಿಯಿತು. ಅಲ್ಲಿ ಓದಿದವರು ತಮ್ಮ ಶಾಲಾ ಜೀವನದ ಬಗ್ಗೆ ಹೆಚ್ಚು ತೃಪ್ತಿ ವ್ಯಕ್ತಪಡಿಸಿದರು. ಆದರೆ ಬಡ ಬಡಾವಣೆಗಳಿಂದ ಬಂದ ಮಕ್ಕಳ ತರಗತಿ ಅಂಕಗಳು ಕುಸಿದವು, ಆಯ್ದ ಕಾಲೇಜುಗಳಿಗೆ ಸೇರುವ ಸಾಧ್ಯತೆಯೂ ಕಡಿಮೆಯಾಯಿತು. ಸಹಪಾಠಿಗಳ ಸಾಲಿನಲ್ಲಿ ಹಿಂದೆ ಬಿದ್ದದ್ದೇ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಹೇಳಿದರು.

ಟೆಕ್ಸಾಸ್ ರಾಜ್ಯವಂತೂ ಈ ಸ್ಥಾನವನ್ನೇ ಕಾನೂನಾಗಿ ಮಾಡಿತು. ಪ್ರತಿ ಪ್ರೌಢಶಾಲೆಯ ಮೊದಲ ಶೇ. 10ರಷ್ಟು ವಿದ್ಯಾರ್ಥಿಗಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ನೀಡಬೇಕೆಂಬ ಕಾಯಿದೆ 1997ರಲ್ಲಿ ಜಾರಿಗೆ ಬಂದಿತು. ಮುಂದೆ ಆಸ್ಟಿನ್ ವಿಶ್ವವಿದ್ಯಾಲಯದ ಮಟ್ಟಿಗೆ ಈ ಮಿತಿಯನ್ನು ಬಿಗಿಗೊಳಿಸಲಾಯಿತು. ಕಾಯಿದೆ ಬಂದ ಬಳಿಕ ಕೆಲವು ಕುಟುಂಬಗಳು ಪೈಪೋಟಿ ಕಡಿಮೆಯಿರುವ ನೆರೆಯ ಶಾಲೆಯನ್ನು ಬೇಕೆಂದೇ ಆರಿಸಿಕೊಂಡವೆಂದು ಅಧ್ಯಯನವೊಂದು ತೋರಿಸಿತು. ಪ್ರವೇಶದ ನಿಯಮ ಬದಲಾದರೆ ‘ಒಳ್ಳೆಯ ಶಾಲೆ’ಯ ಅರ್ಥವೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅಲ್ಲಿಯೇ ಇದೆ. ರಾಜ್ ಚೆಟ್ಟಿ ಮತ್ತು ಸಂಗಡಿಗರು 2023ರಲ್ಲಿ ಅಮೆರಿಕದ 12 ಅಗ್ರಗಣ್ಯ ಖಾಸಗಿ ವಿದ್ಯಾಸಂಸ್ಥೆಗಳ ಪ್ರವೇಶವನ್ನು ವಿಶ್ಲೇಷಿಸಿದರು. ಒಂದೇ ಅಂಕ ಪಡೆದಿದ್ದರೂ, ಆ ಸಂಸ್ಥೆಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ಅತಿ ಶ್ರೀಮಂತ ಶೇ. 1ರ ಕುಟುಂಬಗಳ ಮಕ್ಕಳಿಗೆ ಎರಡು ಪಟ್ಟಿಗೂ ಹೆಚ್ಚಿತ್ತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆ, ಕ್ರೀಡಾಪಟುಗಳ ಆಯ್ಕೆ ಮತ್ತು ಪಠ್ಯೇತರ ಮೌಲ್ಯಮಾಪನ ಇದಕ್ಕೆ ಕಾರಣಗಳು. ಪಠ್ಯೇತರ ಮೌಲ್ಯಮಾಪನದಲ್ಲಿ ದುಬಾರಿ ಖಾಸಗಿ ಶಾಲೆಗಳ ಮಕ್ಕಳು ಮುಂದಿದ್ದರು. ಅಂದರೆ ಶಿಫಾರಸು ಪತ್ರಕ್ಕೆ ಬೆಲೆಯಿರುವಲ್ಲಿ ಶಾಲೆಯ ಹೆಸರಿಗೂ ಬೆಲೆಯಿದೆ.

ನಮ್ಮ ರಾಜ್ಯದ ಲೆಕ್ಕಾಚಾರ

ಕರ್ನಾಟಕದಲ್ಲಿ ಇಂತಹ ಪೈಪೋಟಿ ಕಾಣುವುದು ಎಸ್‌ಎಸ್‌ಎಲ್‌ಸಿ ನಂತರ, ಪಿಯು ಕಾಲೇಜು ಆರಿಸುವಾಗ. ಇಲ್ಲಿನ ನಿಯಮಗಳಲ್ಲಿ ಕಾಲೇಜಿನ ಹೆಸರಿಗೆ ಒಂದಂಕವೂ ಇಲ್ಲ. ಎಂಜಿನಿಯರಿಂಗ್‌ನ ಸಿಇಟಿ ರ‍್ಯಾಂಕ್ ನಿರ್ಧಾರವಾಗುವುದು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ಹಾಗೂ ಸಿಇಟಿ ಅಂಕಗಳಿಗೆ ಅರ್ಧ ಪ್ರಾಶಸ್ತ್ಯ ನೀಡಿ. ವೈದ್ಯಕೀಯಕ್ಕೆ ನೀಟ್ ರ‍್ಯಾಂಕ್ ಮುಖ್ಯ, ಪಿಯುಸಿ ಅಂಕಗಳು ಅರ್ಹತೆಗೆ ಮಾತ್ರ. ತರಗತಿಯಲ್ಲಿ ಎಷ್ಟನೆಯವರು ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಟೆಕ್ಸಾಸಿನ ಅನುಕೂಲವೂ ಇಲ್ಲಿಲ್ಲ, ಷಿಕಾಗೋದ ನಷ್ಟವೂ ನೇರವಾಗಿ ತಟ್ಟುವುದಿಲ್ಲ. ಕಾಲೇಜು ಮಾಡಬಹುದಾದ ಉಪಕಾರ ಒಂದೇ: ಆ ಅಂಕಗಳನ್ನು ಗಳಿಸಲು ವಿದ್ಯಾರ್ಥಿಗೆ ನಿಜವಾಗಿ ನೆರವಾಗುವುದು.

ಶಾಲೆಯ ಆಯ್ಕೆ ನಿಯಮದ ಬಲದಿಂದಲೇ ಸೀಟನ್ನು ಮುಟ್ಟುವ ಸಂದರ್ಭವೂ ಇದೆ. ಅದು ಪ್ರತಿಷ್ಠಿತ ಶಾಲೆಗಳ ಪರವಾಗಿಲ್ಲ ಎಂಬುದು ಕುತೂಹಲಕರ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ ಅರ್ಹರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಸೀಟುಗಳು ಸಿಇಟಿಯಲ್ಲಿ ಮೀಸಲಿವೆ. ಪೂರ್ತಿ ಹತ್ತು ವರ್ಷಗಳ ವ್ಯಾಸಂಗ ಕಡ್ಡಾಯ. ಎಂಟನೆಯ ತರಗತಿಗೆ ಮಗುವನ್ನು ಹಳ್ಳಿಯಿಂದ ನಗರದ ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸುವ ಪೋಷಕರು, ತಮಗೆ ಅರಿವಿಲ್ಲದೆಯೇ ಈ ಎರಡೂ ಅವಕಾಶಗಳನ್ನು ಕೈಬಿಡುತ್ತಿರಬಹುದು.

ಕೇಳಬೇಕಾದ ಪ್ರಶ್ನೆಗಳು

ಫಲಿತಾಂಶ ಬಂದ ಮರುದಿನದ ಜಾಹೀರಾತುಗಳಲ್ಲಿ ರ‍್ಯಾಂಕ್ ಪಡೆದವರ ಭಾವಚಿತ್ರಗಳಿರುತ್ತವೆ. ಒಟ್ಟು ಎಷ್ಟು ಮಂದಿ ಪರೀಕ್ಷೆ ಬರೆದಿದ್ದರು, ಅವರು ಎಸ್‌ಎಸ್‌ಎಲ್‌ಸಿಯಲ್ಲಿ ಎಷ್ಟು ಅಂಕ ಪಡೆದು ಬಂದವರು, ಮೊದಲ ವರ್ಷದ ಬಳಿಕ ಬಿಟ್ಟುಹೋದವರೆಷ್ಟು ಎಂಬ ವಿವರಗಳು ಸಾಮಾನ್ಯವಾಗಿ ಇರುವುದಿಲ್ಲ. ಶೇ. 95ಕ್ಕಿಂತ ಹೆಚ್ಚು ಅಂಕ ಪಡೆದವರನ್ನೇ ಸೇರಿಸಿಕೊಂಡ ಕಾಲೇಜು ಶೇ. 95ರ ಫಲಿತಾಂಶ ತೋರಿಸಿದರೆ ಅದರಲ್ಲಿ ವಿಶೇಷವಿಲ್ಲ. ಶೇ. 70ರವರನ್ನು ಸೇರಿಸಿಕೊಂಡು ಶೇ. 85ಕ್ಕೆ ಏರಿಸಿದ ಪಕ್ಕದೂರಿನ ಸರ್ಕಾರಿ ಕಾಲೇಜಿನ ಸಾಧನೆ ಇದಕ್ಕಿಂತ ದೊಡ್ಡದು.

ಪೋಷಕರು ಪ್ರವೇಶ ಕೌಂಟರಿನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ನಮ್ಮ ಮಗುವಿನಷ್ಟೇ ಅಂಕ ಪಡೆದು ಎರಡು ವರ್ಷಗಳ ಹಿಂದೆ ಇಲ್ಲಿ ಸೇರಿದವರು ಈಗ ಎಲ್ಲಿದ್ದಾರೆ? ಇದಕ್ಕೆ ನೇರ ಉತ್ತರ ದೊರೆಯದಿದ್ದಲ್ಲಿ, ದುಬಾರಿ ಶುಲ್ಕ ತೆತ್ತು ಕೊಳ್ಳುತ್ತಿರುವುದು ಶಿಕ್ಷಣವನ್ನೋ ಬೇರೆಯವರ ಮಕ್ಕಳ ಭಾವಚಿತ್ರಗಳನ್ನೋ ಎಂದು ಯೋಚಿಸುವುದು ಒಳಿತು.