ಸಮಾಜಶಾಸ್ತ್ರದ ಅಧ್ಯಾಪಕವರ್ಗ

ಕಾಲೇಜಿನಲ್ಲಿ ಒಂದು ಶಾಸ್ತ್ರದ ವಿಭಾಗವಿದೆಯೆಂದರೆ ಬಾಗಿಲ ಮೇಲೆ ಹಲಗೆ ತೂಗುತ್ತಿದೆಯೆಂದಷ್ಟೇ ಅರ್ಥವಲ್ಲ. ಅಲ್ಲಿ ಕಲಿಸತಕ್ಕವರು ಯಾರು, ಎಷ್ಟು ಕಾಲ ನಿಂತು ಕಲಿಸುವರು ಎಂಬುದರಿಂದಲೇ ಅದರ ಬೆಲೆ ಗೊತ್ತಾಗತಕ್ಕದ್ದು. ಸಮಾಜಶಾಸ್ತ್ರದ ಮಟ್ಟಿಗೆ ಈ ಮಾತಿಗೆ ಮುಂಬಯಿಯೇ ಸಾಕ್ಷಿಯಾಗಿರುವುದು.

ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಈ ವಿಭಾಗವು 1919ನೆಯ ಇಸವಿಯಲ್ಲಿ ಹುಟ್ಟಿತು. ಮೊದಲನೆಯ ಪ್ರಾಧ್ಯಾಪಕರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸರು. ಮೂಲತಃ ಜೀವಶಾಸ್ತ್ರಜ್ಞರು, ನಗರರಚನೆಯಲ್ಲಿ ಹೆಸರಾದವರು. 1924ರಲ್ಲಿ ವಿಭಾಗವು ಗೋವಿಂದ ಸದಾಶಿವ ಘುರ್ಯೆಯವರ ಕೈಗೆ ಬಂದಿತು. ಮಾಳವಣದಲ್ಲಿ ಹುಟ್ಟಿ, ಸಂಸ್ಕೃತದಲ್ಲಿ ಎಂ.ಎ. ಮಾಡಿ, ಕೇಂಬ್ರಿಜಿನಲ್ಲಿ ರಿವರ್ಸ್ ಪಂಡಿತರ ಬಳಿಯೂ, ಅವರು ತೀರಿಕೊಂಡ ಮೇಲೆ ಹ್ಯಾಡನ್ನರ ಬಳಿಯೂ ಅಭ್ಯಾಸಮಾಡಿ ಬಂದ ಈ ಮಹಾಶಯರು 1959ರವರೆಗೆ, ಅಂದರೆ ಮೂವತ್ತೈದು ವರ್ಷ, ಅದೇ ವಿಭಾಗವನ್ನು ಕಾದುಕೊಂಡಿದ್ದರು. ತಾವು ಹೆಚ್ಚಾಗಿ ಗ್ರಂಥಗಳ ನಡುವೆಯೇ ಕುಳಿತವರು. ಶಿಷ್ಯರನ್ನು ಮಾತ್ರ ಊರು ಕೇರಿಗಳಿಗೆ ಅಟ್ಟಿದರು! ಅವರ ಕೈಕೆಳಗೆ ಪಿಎಚ್.ಡಿ. ಪಡೆದವರೇ ಐವತ್ತಕ್ಕೂ ಹೆಚ್ಚು ಮಂದಿ. ಪುಣೆಯ ಡೆಕ್ಕನ್ ಕಾಲೇಜಿಗೆ ಕೀರ್ತಿ ತಂದ ಇರಾವತಿ ಕರ್ವೆಯವರು ಅವರ ಶಿಷ್ಯೆ. ಮಾರ್ಕ್ಸ್‌ವಾದಿಗಳಾದ ಎ. ಆರ್. ದೇಸಾಯಿಯವರೂ ಅವರ ಶಿಷ್ಯರೇ. ಗುರುವಿನ ದಾರಿ ಬೇರೆ, ಶಿಷ್ಯನ ದಾರಿ ಬೇರೆ; ಆದರೂ ದೇಸಾಯಿಯವರು ಮುಂದೆ ಅದೇ ವಿಭಾಗದಲ್ಲಿ ಅಧ್ಯಾಪಕರಾದರು.

ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು ಮಹಾರಾಜಾ ಕಾಲೇಜನ್ನು ಮುಗಿಸಿ ಇದೇ ಘುರ್ಯೆಯವರ ಬಳಿಗೆ ಹೋದವರು. ಅವರು ಬರೆದ ಮೊದಲ ಗ್ರಂಥವು ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತು 1942ರಲ್ಲಿ ಹೊರಬಂದಿತು. ಅನಂತರ ಗುರುಗಳ ಆಜ್ಞೆಯಂತೆ ಕೊಡಗಿನಲ್ಲಿ ಅಲೆದು ಸಂಗ್ರಹಿಸಿದ ವಿಷಯವನ್ನೇ ಆಕ್ಸ್‌ಫರ್ಡಿನಲ್ಲಿ ಹೊಸ ಕಣ್ಣಿನಿಂದ ಪರಿಶೀಲಿಸಿದರು. 1952ರಲ್ಲಿ ಅದು ಪ್ರಸಿದ್ಧ ಗ್ರಂಥವಾಯಿತು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ವಾಸವಾಗಿದ್ದು ಬರೆದಿಟ್ಟ ಟಿಪ್ಪಣಿಗಳನ್ನು ಪರಿಷ್ಕರಿಸಿ ಸಿದ್ಧಪಡಿಸಿದ್ದ ಪ್ರತಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಆಹುತಿಯಾದಾಗಲೂ ಎದೆಗುಂದದೆ, ಬಹುಮಟ್ಟಿಗೆ ನೆನಪಿನ ಬಲದಿಂದಲೇ ಆ ಹಳ್ಳಿಯ ಚರಿತ್ರವನ್ನು ಬರೆದು 1976ರಲ್ಲಿ ಪ್ರಕಟಿಸಿದರು. 1959ರಲ್ಲಿ ದೆಹಲಿಯ ವಿಭಾಗವನ್ನು ಸ್ಥಾಪಿಸಿದವರೂ ಇವರೇ. ಎಂ. ಎಸ್. ಎ. ರಾವ್, ಎ. ಎಂ. ಶಾ, ಆಂದ್ರೆ ಬೆತೇಯಿ ಮೊದಲಾದವರು ಅಲ್ಲಿ ಇವರ ಸಹೋದ್ಯೋಗಿಗಳಾಗಿದ್ದರು.

ಇನ್ನು ನಮ್ಮ ಮನೆಯ ಕಡೆ ನೋಡೋಣ. ಕರ್ನಾಟಕದ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ ಪಾಠದ ಭಾರವನ್ನು ಹೊತ್ತಿರುವವರಲ್ಲಿ ಸಾವಿರಾರು ಮಂದಿ ‘ಅತಿಥಿ’ ಉಪನ್ಯಾಸಕರು. ಹತ್ತು ಹದಿನೈದು ವರ್ಷ ಕಲಿಸಿದರೂ ಅತಿಥಿಯೇ! ಇಂತಹ ಆತಿಥ್ಯವನ್ನು ಯಾವ ಗೃಹಸ್ಥಧರ್ಮವೂ ಹೇಳಿಲ್ಲ. 2021ರ ಕೊನೆಯಲ್ಲಿಯೂ 2023ರ ಕೊನೆಯಲ್ಲಿಯೂ ಇವರು ತರಗತಿಗಳನ್ನು ಬಿಟ್ಟು ಬೀದಿಗೆ ಬಂದುದನ್ನು ವಾಚಕರು ಮರೆತಿರಲಾರರು. ಜಿಲ್ಲೆಯ ಕಾಲೇಜೊಂದು ಮುಂಬಯಿಯಂತೆ ಪಂಡಿತರನ್ನು ತಯಾರಿಸಬೇಕೆಂದು ನಾವು ಕೇಳುತ್ತಿಲ್ಲ. ಖಾಲಿ ಬಿದ್ದಿರುವ ಸ್ಥಾನಗಳಿಗೆ ಖಾಯಂ ಅಧ್ಯಾಪಕರನ್ನು ಸರ್ಕಾರವು ನೇಮಿಸಲಿ ಎಂದಷ್ಟೇ ಕೇಳುತ್ತೇವೆ. ಸಮಾಜಶಾಸ್ತ್ರವು ಪುಸ್ತಕದಿಂದ ಒಪ್ಪಿಸತಕ್ಕ ವಿದ್ಯೆಯಲ್ಲ. ಪಕ್ಕದ ಹಳ್ಳಿಯಲ್ಲಿ ಎರಡು ಬೇಸಗೆ ಕಳೆದು ಬಾ ಎಂದು ಉಪನ್ಯಾಸಕನು ಶಿಷ್ಯನಿಗೆ ಯಾವ ಧೈರ್ಯದಿಂದ ಹೇಳಿಯಾನು? ಎರಡನೆಯ ಬೇಸಗೆಗೆ ತಾನು ಆ ಕಾಲೇಜಿನಲ್ಲಿರುವನೋ ಇಲ್ಲವೋ ಆತನಿಗೇ ತಿಳಿಯದು.